ರಾಹುಕಾಲ ಕಳೀಲಿ ಅಂತ ತಡೆದ ವಿಮಾನ

ಅಳ್ತಿರ್ಲಿಲ್ಲ ಕಣೇ ನಿಶಾ, ಕಣ್ಣಲ್ಲಿ ನೀರು ಬಂತು ಅಷ್ಟೆ, ಅದಕ್ಕೆ ನಿಮ್ಮಪ್ಪ ಡಿ.ಸಿ.ಯಿಂದ ಸೆಂಟರ್‌ವಿಲ್‌ ಮನೆವರೆಗೂ "ಅಪ್ಪಾ, ಆರ್ ಯೂ ಓಕೆ, ಆರ್ ಯೂ ಓಕೆ" ಅಂತ ಅಂದಿದ್ದೇ ಅಂದಿದ್ದು, ಡ್ರೈವ್ ಮಾಡೋದು ಬಿಟ್ಟು. ಮ್ಯೂಸಿಯಂನಲ್ಲಿ ಆ ಹಳೇ ಬಾಂಬರ್ ನೋಡಿದ್ವಲ್ಲ, ಅಂಥಾದ್ದನ್ನ ನಾನು ಕೈಯಾರೆ ರಿಪೇರಿ ಮಾಡ್ತಿದ್ದೆ, ಯುದ್ಧದ ಕಾಲದಲ್ಲಿ, ಬೆಂಗಳೂರಿನ ಒಂದು ಕಾರ್ಖಾನೇಲಿ. ನಂಗೆ ಹತ್ತೊಂಬತ್ತು, ಅಲ್ಲ, ಇಪ್ಪತ್ತು ತುಂಬಿತ್ತು. ಅಪ್ಪ ಹೋಗ್ಬಿಟ್ಟಿದ್ರು. ಅಮ್ಮ, ಇಬ್ರು ತಂಗೀರು, ರೇಷನ್ ಅಕ್ಕಿ, ಅದ್ರಲ್ಲೂ ಅರ್ಧ ಕಲ್ಲು. ಆ ಕೆಲಸ ಹೋದ್ರೆ ಮನೇಲಿ ಒಲೇನೇ ಹತ್ತಲ್ಲ, ಅಂಥಾ ಪರಿಸ್ಥಿತಿ.

ಅಲ್ಲಿಗೆ ಕೆನ್ ಅಂತ ಒಬ್ಬ ಪೈಲಟ್ ಬರ್ತಿದ್ದ. ಆಸ್ಟ್ರೇಲಿಯಾದೋನು, ಇಪ್ಪತ್ತೊಂದು ವರ್ಷ, ಕುರಿ ಸಾಕೋರ ಮನೆ ಹುಡುಗ. ಬರ್ಮಾ ಮೇಲೆ ಬಾಂಬ್ ಹಾಕಿ ಹಾಕಿ ಬಂದಿದ್ದ. ಏಟು ತಿಂದ ವಿಮಾನ ನಾವು ರಿಪೇರಿ ಮಾಡಿದ್ಮೇಲೆ ಹಾರಿಸಿ ನೋಡಿ ವಾಪಸ್ ತಗೊಂಡು ಹೋಗೋಕೆ ಅವನನ್ನ ಕಳಿಸ್ತಿದ್ರು. ಬರ್ಮಾದಲ್ಲಿ ಏನ್ ನೋಡ್ದೆ ಅಂದ್ರೆ "ಹೊಗೆ, ಮೇಟ್, ಬರೀ ಹೊಗೆ" ಅನ್ನೋನು, ಅಷ್ಟೇ. ಮೇಟ್ ಅಂದ್ರೆ ಅವರ ಕಡೆ ಗೆಳೆಯ ಅಂತ. ಪ್ರತಿ ಸಲ ಹತ್ತೋಕ್ ಮುಂಚೆ ಚಕ್ರದ ಹಿಂದೆ ಹೋಗಿ ವಾಂತಿ ಮಾಡ್ಕೊಳ್ಳೋನು. ಆಮೇಲೆ ಬಾಯಿ ಒರೆಸ್ಕೊಂಡು, ನಗ್ತಾ ಬಂದು, ನನ್ನ ಡಬ್ಬಿಗೆ ಕೈ ಹಾಕಿ ಅಮ್ಮ ಮಾಡಿದ ಕೋಡುಬಳೆ ಕಟುಂ ಅಂತ ಕಡಿಯೋನು. "ಅಯ್ಯೋ ಪಾಪ, ಯಾವ ತಾಯಿ ಹೆತ್ತ ಮಗುವೋ" ಅಂತ ನಮ್ಮಮ್ಮ ಎರಡು ಜಾಸ್ತಿ ಇಡೋಳು.

ಈಗ ಕೇಳು. ನಮ್ಮಲ್ಲಿ ಒಂದು ರೂಲು, ರಿಪೇರಿ ಮಾಡಿದೋನೇ ಮೊದಲ್ನೇ ಹಾರಾಟಕ್ಕೆ ಪೈಲಟ್ ಜೊತೆ ಹತ್ತಬೇಕು. ಕೆಲಸ ಸರಿಯಾಗಿ ಮಾಡ್ಲಿ ಅಂತ! ಆವತ್ತು ಶುಕ್ರವಾರ, ಹತ್ತೂಮುಕ್ಕಾಲಿಗೆ ಹೊರಡ್ಬೇಕು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅಮ್ಮ ಬೆಳಿಗ್ಗೆ ಕೈ ಹಿಡ್ಕೊಂಡು "ಆ ಹೊತ್ತಲ್ಲಿ ಮಾತ್ರ ಹತ್ತಬೇಡ್ವೋ, ನೀನೊಬ್ನೇ ನಮಗೆ" ಅಂದಿದ್ಳು. ದೊರೆಗಳ ಹತ್ರ ರಾಹುಕಾಲ ಅನ್ನೋಕಾಗತ್ತಾ? ನಾನೇನ್ ಮಾಡ್ದೆ ಗೊತ್ತಾ, "ಆಯಿಲ್ ಲೀಕ್ ಸಾರ್" ಅಂತ ಎಂಜಿನ್ ಮುಚ್ಚಳ ಬಿಚ್ಚಿದೆ. ಲೀಕೂ ಇಲ್ಲ, ಏನೂ ಇಲ್ಲ. ಒಂದೇ ನಟ್ಟು ಬಿಚ್ಚೋದು, ಒರೆಸೋದು, ಹಾಕೋದು, ಮತ್ತೆ ಬಿಚ್ಚೋದು, ಹನ್ನೆರಡು ಹೊಡಿಯೋವರ್ಗೂ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಷ್ಟೊತ್ತಿಗೆ ಮೋಡ ಕವ್ಕೊಂಡು ಕತ್ಲೆ ಆಗೋಯ್ತು. ಇಬ್ರೂ ಹತ್ತಿ ಕೂತ್ವಿ. ಸುಳ್ಳು ಹೇಳಿದ್ನಲ್ಲ, ಸೀಟಿನ ಬೆಲ್ಟು ಮೂರು ಸಲ ಕೈ ಜಾರ್ತು. ಕೆನ್ ಅದನ್ನ ನೋಡಿ ಹೆದರ್ಕೊಂಡಿದಾನೆ ಅಂದ್ಕೊಂಡ. ಭುಜ ತಟ್ಟಿ "ನೀನು ಇಳ್ಕೋ ಮೇಟ್, ನಾನೊಬ್ನೇ ಒಂದ್ ಸುತ್ತು ಹಾಕ್ಕೊಂಡ್ ಬರ್ತೀನಿ" ಅಂದ. ಇಳ್ದೆ. ದೇವರಾಣೆಗೂ ಖುಷಿಯಾಗೇ ಇಳ್ದೆ ಕಣಮ್ಮ.

ನಂದಿ ಬೆಟ್ಟದ ಹತ್ರ ಮೋಡದೊಳಗೆ ಗುಡ್ಡಕ್ಕೆ ಹೊಡ್ಕೊಂಡ. ಲಾರೀಲಿ ನನ್ನೂ ಕರ್ಕೊಂಡು ಹೋದ್ರು. ಅವನನ್ನ ಕಂಬಳೀಲಿ ಸುತ್ತಿದ್ರು, ಅರ್ಧ ಕಂಬಳಿ ಸಾಕಾಗಿತ್ತು... ಬೇಡ ಬಿಡು, ನೀನು ಚಿಕ್ಕೋಳು. ನಾನು ಪ್ರೊಪೆಲ್ಲರ್ ನೋಡ್ದೆ. ಎರಡು ಎಂಜಿನ್‌ದೂ ಬ್ಲೇಡುಗಳು ಒಂದೇ ಥರ ಮಡಚ್ಕೊಂಡಿದ್ವು. ಎಂಜಿನ್ ಜೋರಾಗಿ ಓಡ್ತಿದ್ರೆ ಮಾತ್ರ ಹಾಗಾಗತ್ತೆ. ಅಂದ್ರೆ ಏನೂ ಕೆಟ್ಟಿರ್ಲಿಲ್ಲ. ಹೇಳಿದ ಹೊತ್ತಿಗೆ ಹೊರಟಿದ್ರೆ ಮೋಡಕ್ ಮುಂಚೆ ವಾಪಸ್ ಬಂದು ಡಬ್ಬಿಗೆ ಕೈ ಹಾಕ್ತಿದ್ದ. ವಿಚಾರಣೇಲಿ ದೊಡ್ಡ ಸಾಹೇಬ್ರು "ಯಾಕೆ ತಡ ಆಯ್ತು?" ಅಂದ್ರು. "ಆಯಿಲ್ ಲೀಕ್ ಸಾರ್." "ನೀನ್ಯಾಕೆ ಜೊತೆ ಹೋಗ್ಲಿಲ್ಲ?" "ಪೈಲಟ್ಟೇ ಬೇಡ ಅಂದ್ರು ಸಾರ್." ತಂಗೀರ ಮುಖ ಕಣ್ಮುಂದೆ ಬಂತು, ಅಂದ್ಬಿಟ್ಟೆ.

ಸ್ವಲ್ಪ ದಿನಕ್ಕೆ ಆಸ್ಟ್ರೇಲಿಯಾದಿಂದ ಅವರಮ್ಮನ ಕಾಗದ ಬಂತು. ಕೊನೇ ಬೆಳಿಗ್ಗೆ ಮಗನ ಹತ್ರ ಇದ್ದೋರು ಯಾರಾದ್ರೂ ದಯವಿಟ್ಟು ಬರೀರಿ, ಏನಾದ್ರೂ ತಿಂದಿದ್ನಾ, ಹೆದರಿದ್ನಾ, ಅಂತ. ಸೂಪರ್‌ವೈಸರ್ ಅದನ್ನ ನನ್ನ ಕೈಗೇ ಕೊಟ್ರು. ಕೋಡುಬಳೆ ವಿಷಯ ಬರೆದೆ, ನಗ್ತಿದ್ದ ಅಂತ ಬರೆದೆ, ಕೊನೇಗೆ ಆ ಹಾಳು ಆಯಿಲ್ ಲೀಕ್ ಸುಳ್ಳನ್ನೂ ನಿಜ ಅನ್ನೋ ಹಾಗೇ ಬರೆದೆ, ಅದನ್ನ ಸರಿಮಾಡ್ತಾ ತಡ ಆಯ್ತು ಅಂತ. ಮೂರು ತಿಂಗ್ಳಾದ್ಮೇಲೆ ಉತ್ತರ ಬಂತು. "ಮಗೂ, ನನ್ನ ಮಗನಿಗೆ ಏನೂ ಆಗ್ಬಾರ್ದು ಅಂತ ಅಷ್ಟು ಹೊತ್ತು ಅಷ್ಟು ಜೋಪಾನವಾಗಿ ನೋಡಿದ್ಯಲ್ಲ, ನಿನ್ನ ಕೈಗೆ ಒಳ್ಳೇದಾಗ್ಲಿ."

ಏನಂದೆ? "ಥಾಥಾ, ಯೂ ಕ್ಯಾನ್ ಸ್ಟಿಲ್ ರೈಟ್ ಟು ಹರ್" ಅಂದ್ಯಾ? ಯಾರಿಗೆ ಬರೀಲಿ ಪುಟ್ಟಿ, ಆಯಮ್ಮ ಬದುಕಿದ್ರೆ ನೂರರ ಹತ್ರ ಆಗಿರತ್ತೆ. ನಿಮ್ಮಜ್ಜಿಗೂ ನಾನು ಇದನ್ನ ಹೇಳಿಲ್ಲ. ತಪ್ಪು ಮಾಡಿದ್ರೆ ಆವತ್ತೇ ಹೇಳಿ ಬೈಸ್ಕೊಂಡ್ಬಿಡು. ಬೈದಿದ್ದು ನಾಲ್ಕು ದಿನಕ್ಕೆ ಮರ್ತುಹೋಗತ್ತೆ. ಆಯಮ್ಮ ಹರಸಿದ್ದು ನೋಡು, ಐವತ್ತು ವರ್ಷ ಆಯ್ತು, ಇನ್ನೂ ನನ್ನ ತಿಂತಾ ಇದೆ.