ತುಟಿಯ ಹತ್ತಿರದ ಗುಳ್ಳೆ

ದೀಪ ಸಣ್ಣ ಮಾಡಿ, ಹೇಳ್ತೀನಿ. ನಮ್ಮ ದೊಡ್ಡಮ್ಮನ ಮಗಳು, ಅಕ್ಕ, ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಅವತ್ತು ಕೆಲಸ ಮುಗಿಸಿ ಮನೆಗೆ ಹೊರಟಾಗ ಕತ್ತಲಾಗಿತ್ತು. ದಾರಿಯಲ್ಲಿದ್ದ ಹಾಳುಬಾವಿ ದಾಟುವಾಗ ಒಳಗಿಂದ ಸದ್ದು... ಪುಸ್... ಪುಸ್... ಮುಚ್ಚಿದ ತುಟಿಯ ಸಂದಿಯಿಂದ ಉಸಿರು ಬಿಟ್ಟ ಹಾಗೆ. ಆಮೇಲೆ ಪಿಸುಮಾತು.

"ಅವನಿಗೆ ಹೇಳೇ... ಒತ್ತಬೇಡ ಅಂತ."

ಗುರುತಿನ ದನಿ. ಪ್ರೆಸ್ಸಿನ ಯಜಮಾನನ ತಾಯಿಯದ್ದು. ಆ ಅಜ್ಜಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಪ್ರೆಸ್ಸಿನ ಅಟ್ಟದ ಕೋಣೆಯಿಂದ ಕೆಳಗಿಳಿದವಳೇ ಅಲ್ಲ.

ಅಕ್ಕ ಒಂದೇ ಉಸಿರಿಗೆ ವಾಪಸ್ ಪ್ರೆಸ್ಸಿಗೆ ಓಡಿದಳು.

ಆ ಯಜಮಾನನನ್ನ ಎಲ್ಲರೂ ಕರೆಯುತ್ತಿದ್ದದ್ದು ಆಸಿಡ್ ಮಾವ ಅಂತ. ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಮುಖ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಗೆರೆಗಳಿಗೆ ಮಸಿ ತುಂಬಿ ಅಚ್ಚು ಹಾಕುವವನು. ನಾಲಿಗೆಯೂ ಆಸಿಡ್ಡೇ. ಹೆತ್ತ ತಾಯಿಯ ಮುಖ ಗೀರುವಾಗ ದಿಂಬಿಗೆ ಒರಗಿಸಿ ಮೂರು ತಾಸು ಕೂರಿಸುತ್ತಿದ್ದ. ನೀರು ಕೇಳಿದರೆ, "ಬಾಯಿ ಮುಚ್ಕೊಂಡಿರು, ಗೆರೆ ಕೆಡತ್ತೆ" ಅನ್ನುತ್ತಿದ್ದ.

ಅಚ್ಚು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದ ಮೇಲೆ. ಅದನ್ನ ತಗಡಿನ ಮೇಲಿಟ್ಟು, ಬೆನ್ನಿಗೆ ಅಂಟು ಹಚ್ಚಿ, ಒದ್ದೆ ಮಾಡಿದ ದಪ್ಪ ಕಾಗದ ಹೊದಿಸಿ ಉರುಳೆಯಡಿ ಹಾಯಿಸಿದರೆ ಎರಡೂ ಒಂದಾಗಿ ಬರಬೇಕು. ಅವತ್ತು ಬೆಳಗ್ಗೆಯಿಂದ ತೆಗೆದ ಪ್ರತಿ ಹಾಳೆಯಲ್ಲೂ ಅಜ್ಜಿಯ ತುಟಿಯ ಹತ್ತಿರ ಒಂದು ಗಾಳಿಗುಳ್ಳೆ.

ಅಕ್ಕ ಹೋದಾಗ ಅವನು ಅದರ ಮೇಲೆ ಹೆಬ್ಬೆರಳು ಊರಿ ನಿಂತಿದ್ದ. ಸಡಿಲಿಸಿದ. ಪುಸ್... ಗುಳ್ಳೆ ಎದ್ದಿತು. ಇಳಿಯಿತು. ಮತ್ತೆ ಎದ್ದಿತು.

"ಒತ್ತಬೇಡಿ ಮಾವ... ಅದು ಉಸಿರಾಡ್ತಿದೆ."

"ಉಸಿರೂ ಇಲ್ಲ, ಮಣ್ಣೂ ಇಲ್ಲ." ಈ ಸಲ ಎರಡೂ ಹೆಬ್ಬೆರಳು ಊರಿದ.

ಅಟ್ಟದಿಂದ... ದಡ್... ದಡ್... ಮಂಚಕ್ಕೆ ಹಿಮ್ಮಡಿ ಬಡಿದ ಹಾಗೆ.

"ಮೇಲೆ ಅಜ್ಜಿ..."

"ಅವಳದ್ದು ದಿನಾ ಇದ್ದದ್ದೇ. ಈಗ ಕೈ ತೆಗೆದ್ರೆ ಕಾಗದ ಏಳತ್ತೆ."

ಅಕ್ಕ ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಸದ್ದು ನಿಂತಿತು. ಕೆಳಗಿಂದ ಅವನ ಸಮಾಧಾನದ ದನಿ: "ಹಾಂ... ಕೂತ್ಕೊಳ್ತು ನೋಡು."

ಅಜ್ಜಿ ಹೋಗಿಬಿಟ್ಟಿದ್ದಳು. ವಯಸ್ಸಾಗಿತ್ತಲ್ಲ, ಅಂದರು ಡಾಕ್ಟರು. ಮಾರನೇ ದಿನವೇ ಮಗ ಉಳಿದ ಪ್ರತಿಗಳನ್ನ ಅಚ್ಚು ಹಾಕಿದ. ಒಂದರಲ್ಲೂ ಗುಳ್ಳೆ ಬರಲಿಲ್ಲ.

ಮೈ ತೊಳೆದದ್ದು ಅಕ್ಕನೇ. ಅಜ್ಜಿಯ ಮುಖದ ಸುತ್ತ ಚರ್ಮದಲ್ಲಿ ಒಂದು ತಗ್ಗು ಗೆರೆ ಬಿದ್ದಿತ್ತು. ಹಣೆಯ ಮೇಲೆ, ಎರಡೂ ಕಿವಿಯ ಪಕ್ಕ, ಗದ್ದದ ಕೆಳಗೆ... ನೇರವಾಗಿ, ನಾಲ್ಕು ಮೂಲೆ. ಉರುಳೆಯಡಿ ಹಾಯಿಸಿದಾಗ ತಾಮ್ರದ ತಗಡಿನ ಅಂಚು ಒದ್ದೆ ಕಾಗದದಲ್ಲಿ ಗುರುತು ಬಿಡುತ್ತಲ್ಲ, ಅಂಥದ್ದು. ನೀವು ನಂಬಿ, ಬಿಡಿ. ಅಕ್ಕ ದಾರ ಹಿಡಿದು ಆ ಗೆರೆಯನ್ನೂ ತಗಡನ್ನೂ ಅಳೆದಿದ್ದಾಳೆ, ಎರಡೂ ಒಂದೇ ಅಳತೆ. ಆ ದಾರ ಈಗಲೂ ಅವಳ ಹತ್ತಿರ ಇದೆ.