ಬ್ಯಾರನ್ನಿಗೆ ಹಾಕಿದ ಪುಸ್ತಕ

ಅದು ಹುಳ ಬರದಿರಲಿ ಅಂತ ಇಟ್ಟ ಹೊಗೆಸೊಪ್ಪಲ್ಲ ಕಣೇ, ಪುಸ್ತಕದ ಮೈಗೇ ಹತ್ತಿದ ವಾಸನೆ, ಎಷ್ಟು ಕೊಡವಿದ್ರೂ ಹೋಗಲ್ಲ. ಇವೆಲ್ಲ ನಂಗೆ ಕೊಡಜ್ಜಿ ಅಂತೀಯಲ್ಲ, ಮೊದಲು ಕೂತ್ಕೊಂಡು ಕೇಳು, ನಿಮ್ಮಣ್ಣನೂ ಆ ಫೋನು ಆಚೆಗಿಟ್ಟು ಕೇಳ್ಲಿ. ಆಗ ನಾವು ರಾಮನಾಥಪುರದಲ್ಲಿದ್ವಿ, ಹೊಳೆಗಿಂತ ಎತ್ತರದ ಬೀದಿ, ಅಲ್ಲ, ಎತ್ತರ ಅಂತ ನಾವು ಅಂದ್ಕೊಂಡಿದ್ವಿ, ಕಾವೇರಿ ಅಂದ್ಕೊಂಡಿರಲಿಲ್ಲ. ನಾನು ದಿನಾ ಬಸ್ಸಲ್ಲಿ ಅರಕಲಗೂಡಿಗೆ ಹೋಗಿ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಿದ್ದೆ. ರಜಾ ಬಂದ್ರೆ ಹಾಸನದ ಹಳೇ ಪುಸ್ತಕದಂಗಡಿ. ಚನ್ನರಾಯಪಟ್ಟಣದಲ್ಲೊಬ್ಬರು ಜೈನರು, ಬಟ್ಟೆ ವ್ಯಾಪಾರ, ಮನೆ ಬದಲಾಯಿಸುವಾಗ ತಂದೆಯ ಪುಸ್ತಕಗಳನ್ನೆಲ್ಲ ಸೀರೆ ಗಂಟಿನ ಹಾಗೆ ಕಟ್ಟಿ ನನ್ನ ಕೈಗೆ ಕೊಟ್ಟರು. "ಇದನ್ನೆಲ್ಲ ಓದ್ತೀರಾ ಮೇಡಂ?" ಅಂದ್ರು. ಓದ್ತೀನಿ ಅಂದೆ. "ಪಾಪ" ಅಂದ್ರು.

ನನ್ನ ಹುಚ್ಚು ಕಥೆ ಕಾದಂಬರಿ ಅಲ್ಲ, ಗೊತ್ತಾ, ಅವುಗಳ ಬಗ್ಗೆ ಬೇರೆಯವರು ಬರೆದದ್ದು. ವಿಮರ್ಶೆ. ಒಬ್ಬ ಒಂದು ಪದ್ಯವನ್ನ ಎತ್ತಿ ಅಟ್ಟದ ಮೇಲೆ ಕೂರಿಸ್ತಾನೆ, ಇನ್ನೊಬ್ಬ ಇಳಿಸ್ತಾನೆ, ಮೂರನೆಯವನು ಬಂದು ಇಬ್ಬರಿಗೂ ಪದ್ಯ ಅರ್ಥವಾಗಿಲ್ಲ ಅಂತಾನೆ. ಪಕ್ಕದ ಮನೆ ಜಗಳವನ್ನ ಕಿಟಕೀಲಿ ನಿಂತು ಕೇಳೋ ಸುಖ, ಅಷ್ಟೇ. ಆದ್ರೆ ನಂಗಿದ್ದದ್ದು ಅದೊಂದೇ ಸುಖ, ಮತ್ತೆ ಅವು ಯಾವುವೂ ಇನ್ನೊಂದ್ಸಲ ಅಚ್ಚಾಗೋ ಪುಸ್ತಕಗಳಲ್ಲ. ಹೋದ್ರೆ ಹೋದ್ವು.

ಆ ಮಳೆಗಾಲ ಹೊಳೆ ಬಣ್ಣ ಬದಲಾಯಿಸ್ತು. ಆಟೋಗೆ ಮೈಕ್ ಕಟ್ಕೊಂಡು ಎಲ್ಲ ಮೇಲಕ್ಕೆ ಹೋಗಿ ಅಂತ ಕೂಗ್ತಾ ಹೋದ್ರು. ನಿಮ್ಮ ತಾತ ಅಕ್ಕಿ ಮೂಟೆಗಳನ್ನ ಅಟ್ಟಕ್ಕೇರಿಸಿದ್ರು, ಪುಸ್ತಕಕ್ಕೆ ಜಾಗ ಉಳೀಲಿಲ್ಲ. ನೀರಿಳಿದ ಮೇಲೆ ಬಂದು ನೋಡಿದ್ರೆ ಪುಸ್ತಕಗಳು ಉಬ್ಬಿ ಕಪಾಟನ್ನೇ ಸೀಳಿಬಿಟ್ಟಿದ್ವು. ಬಿಸಿಲಿನ ಸುಳಿವಿಲ್ಲ. ಬೆಳಿಗ್ಗೆ ಒಂದು ಹಾಳೆಯ ಮೂಲೇಲಿದ್ದ ಬೂಷ್ಟು ಸಂಜೆಗೆ ಪಕ್ಕದ ಪುಸ್ತಕಕ್ಕೆ ದಾಟಿರ್ತಿತ್ತು. ನಾನು ನೋಡ್ತಾ ಕೂತಿರ್ತಿದ್ದೆ.

ಆಗ ಬಂದವನು ಜವರಪ್ಪ. ಊರಾಚೆ ಹೊಗೆಸೊಪ್ಪು ಬೆಳೀತಿದ್ದ, ಒಂದು ಬ್ಯಾರನ್ ಇತ್ತು. ಬ್ಯಾರನ್ ಅಂದ್ರೆ ಕಿಟಕಿಯಿಲ್ಲದ ಎತ್ತರದ ಕೋಣೆ ಕಣೇ, ಒಳಗೆ ನೆಲದುದ್ದಕ್ಕೂ ತಗಡಿನ ಕೊಳವೆ, ಹೊರಗಿನ ಒಲೇಲಿ ಸೌದೆ ಉರಿಸಿದ್ರೆ ಕೊಳವೆ ಕಾದು ಮೇಲೆ ತೂಗುಹಾಕಿದ ಸೊಪ್ಪು ಒಣಗುತ್ತೆ. "ಅಸೀ ಸೊಪ್ಪೇ ಒಣುಗ್ತದೆ ಮೇಡಮ್ಮೋರೆ, ನಿಮ್ ಪುಸ್ತ್ಕ ಯಾವ ಲೆಕ್ಕ, ತತ್ತನ್ನಿ" ಅಂದ. ಸೊಪ್ಪು ಕೆಳಗೆ ಬಿದ್ರೆ ಏನಾಗುತ್ತೋ ಅಂದೆ. "ಕೊಳ್ವೆ ಮ್ಯಾಲೆ ಒಂದೆಲೆ ಬಿದ್ರೂ ಬ್ಯಾರನ್ನೇ ಓಯ್ತದೆ. ನಮ್ ಬಾಮೈದಂದು ಅಂಗೇ ಓಯ್ತು. ಅದ್ಕೇಯ ನಾವು ಬಿಗಿಯಾಗಿ ಕಟ್ಟದು." ಇದನ್ನ ಅವನು ಧೈರ್ಯ ಹೇಳೋ ದನೀಲಿ ಹೇಳಿದ. ಅವನ ಹೆಂಡತಿ ರತ್ನಮ್ಮ ಮಾತ್ರ "ಸೊಪ್ಪು ಕೀಳಕೆ ಬಂದದೆ. ಬ್ಯಾರನ್ಗೇನಾರ ಆದ್ರೆ ನಾವು ಮಣ್ ತಿನ್ನದಾ?" ಅಂದ್ಲು. ಅಷ್ಟರಲ್ಲಿ ಜವರಪ್ಪ ಒಂದು ಹೊರೆ ಪುಸ್ತಕ ಹೊತ್ತು ಹೊರಟಾಗಿತ್ತು.

ಪ್ರತಿ ಪುಸ್ತಕವನ್ನೂ ನಡುವೆ ಬಿಡಿಸಿ, ಸೊಪ್ಪು ತೂಗುಹಾಕೋ ಕಡ್ಡಿ ಮೇಲೆ ಕವುಚಿ ಕಟ್ಟಿದ್ವಿ. ಒಲೆ ಹೊತ್ತಿಸಿದ. ಬಾಗಿಲಲ್ಲಿ ಅಂಗೈಯಗಲ ಗಾಜಿತ್ತು, ನಾನು ಅದಕ್ಕೆ ಮುಖ ಇಟ್ಟೇ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಾಳೆಗಳು ಗರಿಗರಿಯಾಗಿ ಅಲ್ಲಾಡ್ತಿದ್ವು. ಸಾಕು ಜವರಪ್ಪ ಅಂದೆ. "ಎಲೆ ಒಣುಗ್ಬುಟ್ಟವೆ, ದಂಟಿನ್ನೂ ಅಸಿ. ಕಾವು ಏರಿಸ್ಬೇಕು" ಅಂದ. ಪುಸ್ತಕಕ್ಕೆ ಎಲ್ಲಿಯ ದಂಟೋ? "ಬೆನ್ನು ಕಣ್ರವ್ವಾ. ದಂಟು ಒಣಗ್ದಲೆ ತೆಗುದ್ರೆ ಒಳಗಿಂದ್ಲೇ ಬೂಷ್ಟು ಬತ್ತದೆ." ಸೊಪ್ಪಿನ ವಿಷಯಕ್ಕೆ ಅದು ಸರಿ. ಪುಸ್ತಕದ ಬೆನ್ನಲ್ಲಿರೋದು ನಾರಲ್ಲ, ಗೋಂದು. ಅವನು ಸೌದೆ ತುರುಕಿದ.

ತಪ್. ಒಳಗಿಂದ. ನಿಮ್ಮ ತಾತ "ಹಲ್ಲಿ" ಅಂದ್ರು. ಆ ಕಾವಲ್ಲಿ ಹಲ್ಲಿ ಎಲ್ಲಿಂದ ಬರಬೇಕು? ಮತ್ತೆ ತಪ್. ಆಮೇಲೆ ಎಣಿಸೋ ಹಾಗಿರಲಿಲ್ಲ. ಗಾಜಲ್ಲಿ ಕಾಣ್ತಿತ್ತು, ಗೋಂದು ಕರಗಿ ಹಾಳೆ ಒಂದೊಂದೇ ಜಾರ್ತಿದ್ವು. ಒಂದು ನೇರ ಕೊಳವೆ ಮೇಲೆ ಮಲಗಿ ಅಂಚಿನಿಂದ ಕಪ್ಪಾಗ್ತಾ ಬಂತು. ಬಾಗಿಲು ತೆಗಿಯೋ ಅಂದೆ. "ತೆಗುದ್ರೆ ಗಾಳಿ ನುಗ್ತದೆ, ಒಗೆ ಆಡ್ತಿರದು ಉರ್ಕೊಂತದೆ" ಅಂದ. ತೆಗೀದಿದ್ರೆ? ಅವನು ಚಿಲಕಕ್ಕೆ ಕೈ ಹಾಕಿದ, ಮತ್ತೆ ಹಿಂದಕ್ಕೆ ತಗೊಂಡ. "ನಿಂತ್ಕಂಡು ಮಾತಾಡಿ ಇಬ್ರೂವೆ" ಅಂತ ರತ್ನಮ್ಮ ಕೊಕ್ಕೆ ಹಾಕಿ ಉರಿಯೋ ಕೊರಡುಗಳನ್ನ ಒಲೆಯಿಂದ ಎಳೆದೆಳೆದು ಹಾಕಿ ನೀರು ಸುರಿದಳು. ಆಮೇಲೆ ಕೊಳವೆ ಆರೋವರೆಗೆ ಕಾಯೋದು. ಗಾಜು ಕಂದು ಬಣ್ಣಕ್ಕೆ ತಿರುಗಿ ಏನೂ ಕಾಣದಾಯ್ತು. ತಪ್, ತಪ್ ಅನ್ನೋದು ಮಾತ್ರ ಕೇಳಿಸ್ತಿತ್ತು. ನಾನು ದೇವರನ್ನ ನೆನೀಲಿಲ್ಲ, ಅಚ್ಚು ಹಾಕಿದವರನ್ನ ಬೈದೆ.

ಬ್ಯಾರನ್ ಹತ್ಕೊಳ್ಳಲಿಲ್ಲ. ಹತ್ಕೊಳ್ಳಬಹುದಿತ್ತು. ಸಂಜೆ ಬಾಗಿಲು ತೆಗೆದ್ರೆ ನನ್ನ ಹೊಸ ಪುಸ್ತಕಗಳ ರಟ್ಟು ಮಾತ್ರ ಸುಲಿದ ಚರ್ಮದ ಹಾಗೆ ತೂಗ್ತಿತ್ತು, ಹಾಳೆಯೆಲ್ಲ ನೆಲದ ಮೇಲೆ, ಅರ್ಧ ಕರಕು. ಆ ಬಟ್ಟೆ ವ್ಯಾಪಾರಿಗಳ ತಂದೆಯ ಗಂಟು ಇತ್ತಲ್ಲ, ಅದರಲ್ಲಿ ಒಂದೂ ಬಿದ್ದಿರಲಿಲ್ಲ, ಎಲ್ಲ ದಾರದಲ್ಲಿ ಹೊಲಿದವು. "ಮಾಲು ಒಸಿ ಜಾಸ್ತಿ ಬೆಂದೋಯ್ತು" ಅಂದ ಜವರಪ್ಪ, ನನ್ನ ಮುಖ ನೋಡದೆ. ಉಳಿದ ಹಾಳೆಗಳನ್ನ ಚೀಲದಲ್ಲಿ ತಂದು ಓದಿದೆ. ಒಬ್ಬನ ವಾದ ಇನ್ನೊಬ್ಬನ ಪುಟದಲ್ಲಿ ಮುಗೀತಿತ್ತು, ನಿಮ್ಮ ತಾತನಿಗೆ ಓದಿ ಹೇಳಿದ್ರೆ ಚೆನ್ನಾಗಿದೆ ಅಂದ್ರು. ಈಗ ಕಪಾಟಲ್ಲಿರೋದು ಆ ಹೊಲಿದವು ಮಾತ್ರ. ತಗೊಂಡು ಹೋಗು, ಬೇಡ ಅನ್ನಲ್ಲ. ಆದ್ರೆ ಹೊಸದು ಕೊಳ್ಳುವಾಗ ಮುನ್ನುಡಿ ಯಾರದು ಅಂತ ನೋಡಬೇಡ, ಬೆನ್ನು ಬಗ್ಗಿಸಿ ನೋಡು. ದಾರ ಕಾಣದಿದ್ರೆ ಅಲ್ಲೇ ಇಟ್ಟು ಬಾ.