ಚಾಂದ್‌ಪಾಷಾ ಅವರ ವೆಲ್ಡಿಂಗ್ ಮಷೀನು ನಿರಪರಾಧಿ ಎಂಬ ಬಗ್ಗೆ ಕಸ್ತೂರೆಮ್ಮನ ಹೇಳಿಕೆ

ಹೆಸರು: ಕಸ್ತೂರೆಮ್ಮ, ತಂದೆ ದಿವಂಗತ ಸಂಗನಬಸವ. ವಯಸ್ಸು: 46. ಉದ್ಯೋಗ: ಬೀಜ ಮತ್ತು ಗೊಬ್ಬರದ ಅಂಗಡಿ. ಹವ್ಯಾಸ: ರೇಡಿಯೊ. ಹವ್ಯಾಸ ಬರೆಯುವ ಪದ್ಧತಿ ಇಲ್ಲವೆಂದು ಮುಖ್ಯ ಪೇದೆಯವರು ಹೇಳಿದರು. ಅದನ್ನು ಬರೆಯದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲವೆಂದು ಹಟ ಹಿಡಿದು ಬರೆಸಿದ್ದೇನೆ. ವಾಸ: ಬಜಾರ್ ಓಣಿ, ಮಸ್ಕಿ, ರಾಯಚೂರು ಜಿಲ್ಲೆ.

ಈ ದಿನ ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನನ್ನ ಅಣ್ಣ ಜಂಬಣ್ಣ ಕಳೆದ ಶುಕ್ರವಾರ ನಮ್ಮ ಎದುರು ಅಂಗಡಿಯ ಚಾಂದ್‌ಪಾಷಾ ಅವರ ಮೇಲೆ ಕೊಟ್ಟ ದೂರು ಪೂರ್ತಿ ತಪ್ಪು. ನಿಜವಾದ ಕಾರಣವನ್ನು ನಾನೇ ಪತ್ತೆ ಹಚ್ಚಿದ್ದೇನೆ. ಸಾಕ್ಷಿ ಕೈಚೀಲದಲ್ಲಿದೆ, ಚೀಲ ತಮ್ಮ ಮೇಜಿನ ಮೇಲಿದೆ.

ನನಗೆ ಸರ್ಕಾರದ ಹವ್ಯಾಸಿ ರೇಡಿಯೊ ಪರವಾನಗಿ ಇದೆ. ನಮ್ಮ ಮಾಳಿಗೆಯ ಮೇಲಿನ ರಿಪೀಟರ್‌ಗೂ ಇದೆ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಧ್ವನಿ ಊರು ದಾಟುವುದೇ ಕಷ್ಟ. ರಿಪೀಟರ್ ಎತ್ತರದಲ್ಲಿ ಕೂತು ಆ ಸಣ್ಣ ಧ್ವನಿಯನ್ನು ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಜೋರಾಗಿ ಮತ್ತೆ ಹೇಳುತ್ತದೆ. ಮಸ್ಕಿ ನಡುವೆ ಇರುವುದರಿಂದ ಅತ್ತ ಸಿಂಧನೂರಿನವರೂ ಇತ್ತ ಲಿಂಗಸುಗೂರಿನವರೂ ಇದರ ಮೂಲಕ ಮಾತಾಡಬಹುದು. ಹಳ್ಳ ತುಂಬಿ ಬಂದು, ಕರೆಂಟು ಹೋಗಿ, ಮೊಬೈಲ್ ಸತ್ತ ದಿನ ಇದರ ಬೆಲೆ ತಿಳಿಯುತ್ತದೆ. ಎರಡು ಹಳೆಯ ಸೆಟ್‌ಗಳನ್ನು ಬಿಚ್ಚಿ, ಒಂದನ್ನು ಕೇಳುವುದಕ್ಕೂ ಇನ್ನೊಂದನ್ನು ಹೇಳುವುದಕ್ಕೂ ಜೋಡಿಸಿದವಳು ನಾನು. ಹೇಳುವ ಸದ್ದು ಕೇಳುವ ಕಿವಿಗೆ ನುಗ್ಗದಂತೆ ತಡೆಯುವ ಫಿಲ್ಟರ್ ಡಬ್ಬಿಗಳನ್ನು ಮಾಡಿದವಳೂ ನಾನೇ. ಆಂಟೆನಾದ ಕಂಬವನ್ನು ಬೆಸೆದು, ನೀರಿನ ಟ್ಯಾಂಕಿನ ಮೇಲೆ ನಿಲ್ಲಿಸಿಕೊಟ್ಟವರು ಇದೇ ಚಾಂದ್‌ಪಾಷಾ. ಮಾಡಿದ ಕೆಲಸಕ್ಕೆ ಅವರು ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಹೋದ ಆಯುಧ ಪೂಜೆಗೆ ಮೊದಲು ರಿಪೀಟರ್ ಚೆನ್ನಾಗಿಯೇ ಮಾತಾಡುತ್ತಿತ್ತು. ಹಬ್ಬದ ನಂತರ ಕರಕರ ಶುರುವಾಯಿತು, ಬಾಣಲೆಯಲ್ಲಿ ಜೋಳದ ಅಳ್ಳು ಸಿಡಿದ ಹಾಗೆ. ಸಿಂಧನೂರಿನ ಆರ್.ಎಚ್. ಕ್ಯಾಂಪಿನಿಂದ ಶಿಕ್ಷಕಿ ಆರ್ಜೂ ಮಾತಾಡಿದರೆ ಅರ್ಧ ಮಾತು ಅಳ್ಳಿನಲ್ಲೇ ಮುಳುಗಿಹೋಗುತ್ತಿತ್ತು. ಲಿಂಗಸುಗೂರಿನಲ್ಲಿರುವ ನನ್ನ ಮಗಳು ಅಶ್ವಿನಿಯ ಧ್ವನಿ ಬರುವುದೇ ನಿಂತಿತು. ಫಿಲ್ಟರ್ ಡಬ್ಬಿಗಳನ್ನು ಎಷ್ಟು ಸಲ ಬಿಚ್ಚಿ ಕೂಡಿಸಿದೆನೋ ನನಗೇ ಲೆಕ್ಕವಿಲ್ಲ. ಬರಬರುತ್ತಾ ಕರಕರ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಚಹಾದಂಗಡಿಯಲ್ಲಿ ಜನ ನಮ್ಮ ಅಣ್ಣನನ್ನು ಕಾಡಿಸತೊಡಗಿದರು. ತಂಗಿಯ ಕಂಬ ಕಾಗೆ ಕೂರಲಿಕ್ಕಾದರೂ ಬಂತಲ್ಲ ಎಂದರಂತೆ. ಅಣ್ಣನಿಗೆ ನನ್ನನ್ನು ತಾನು ಬೈದರೆ ಸರಿ, ಬೇರೆಯವರು ಒಂದು ಮಾತು ಆಡಕೂಡದು. ವೆಲ್ಡಿಂಗ್ ಕಿಡಿಯಿಂದ ರೇಡಿಯೊ ಕೆಡುತ್ತದೆಂದು ಯಾರೋ ಹೇಳಿದ್ದೇ ಸಾಕಾಯಿತು. ನಾನು ಗೊಬ್ಬರದ ಲೋಡಿಗೆಂದು ಸಿಂಧನೂರಿಗೆ ಹೋಗಿದ್ದ ಶುಕ್ರವಾರ, ಚಾಂದ್‌ಪಾಷಾ ಬೇಕೆಂದೇ ತೊಂದರೆ ಕೊಡುತ್ತಿದ್ದಾರೆಂದು ಇಲ್ಲಿ ಬಂದು ಬರೆದುಕೊಟ್ಟ.

ಚಾಂದ್‌ಪಾಷಾ ಜಗಳ ಮಾಡಲಿಲ್ಲ. ಮಷೀನನ್ನು ತಳ್ಳುಬಂಡಿಯ ಮೇಲೆ ಹೇರಿ ತಾವೇ ಠಾಣೆಗೆ ತಂದು, "ನಂದ ತಪ್ಪಂದ್ರ ಇದು ನಿಮ್ಮಲ್ಲೇ ಇರ್ಲಿ ಸಾಹೇಬ್ರ. ತಪ್ಪಿಲ್ಲಂತ ಕಾಗದದ ಮ್ಯಾಲ ಬರೀರಿ, ಆವಾಗ ಒಯ್ತೀನಿ" ಎಂದರು. ತಾವೆಲ್ಲ ಒಯ್ಯಿರೆಂದು ಹೇಳಿದರೂ ಕೇಳಲಿಲ್ಲ. ಅಂದಿನಿಂದ ಅವರ ಅಂಗಡಿಯ ಷಟರ್ ಎದ್ದಿಲ್ಲ. ಎದುರಿಗೆ ಮುಚ್ಚಿದ ಆ ಷಟರ್ ನೋಡಿಕೊಂಡು ನಮ್ಮ ಅಂಗಡಿಯ ಗಲ್ಲೆಯ ಮೇಲೆ ಕೂರುವುದು ನನ್ನಿಂದ ಆಗಲಿಲ್ಲ. ಅಣ್ಣನಿಗೆ ನಾನು ಏನೇನು ಅಂದೆನೋ ಅದು ಈ ಹೇಳಿಕೆಗೆ ಅವಶ್ಯವಿಲ್ಲ.

ನಿನ್ನೆ ಭಾನುವಾರ ಅಂಗಡಿ ಮುಚ್ಚಿ ಬೆಳಿಗ್ಗೆಯೇ ಮಾಳಿಗೆ ಹತ್ತಿದೆ. ಮಷೀನು ಠಾಣೆಯಲ್ಲಿತ್ತು, ಕರಕರ ಮಾತ್ರ ನಮ್ಮ ಮನೆಯಲ್ಲೇ ಇತ್ತು. ಇದನ್ನು ಅಣ್ಣನನ್ನು ಕರೆದು ಕೇಳಿಸಿದೆ. ಓಣಿಯಲ್ಲಿ ಬೇರೆ ಮಷೀನು ಇರಬಹುದೆಂದ. ಮನೆಯ ಮೇನ್ ಸ್ವಿಚ್ ತೆಗೆದು ಬ್ಯಾಟರಿಯ ಮೇಲೆ ನಡೆಸಿದೆ. ಆಗಲೂ ಕರಕರ. ಆಂಟೆನಾದ ಕೇಬಲ್ ಬಿಚ್ಚಿ, ಅದರ ಜಾಗದಲ್ಲಿ ಧ್ವನಿಯನ್ನು ಹೊರಗೆ ಬಿಡದ ಸುಳ್ಳು ಆಂಟೆನಾ ಸಿಕ್ಕಿಸಿದೆ. ತಕ್ಷಣ ಎಲ್ಲಾ ಶಾಂತವಾಯಿತು. ಅಂದರೆ ನನ್ನ ಪೆಟ್ಟಿಗೆಯಲ್ಲಿ ದೋಷವಿಲ್ಲ, ಇರುವುದೆಲ್ಲ ಮೇಲೆ. ನಿಜವಾದ ಆಂಟೆನಾ ಮತ್ತೆ ಸಿಕ್ಕಿಸಿ ಕೂತಾಗ ಇನ್ನೊಂದು ತಿಳಿಯಿತು. ಗಾಳಿ ಬೀಸಿದಾಗ ಕರಕರ ಏಳುತ್ತಿತ್ತು, ಗಾಳಿ ನಿಂತಾಗ ಇಳಿಯುತ್ತಿತ್ತು.

ಸೀರೆಯ ಸೆರಗು ಬಿಗಿದು ಏಣಿ ಹತ್ತಿದೆ. ಕೆಳಗೆ ಏಣಿ ಹಿಡಿದ ಅಣ್ಣ "ಇಳಿ ಬೇ, ಕೈಕಾಲು ಮುರ್ಕೊಂತೀ" ಎಂದು ಕೂಗುತ್ತಲೇ ಇದ್ದ. ಆಂಟೆನಾದ ಬುಡಕ್ಕೆ, ಕಂಬದ ಸುತ್ತ, ತುಕ್ಕು ಹಿಡಿದ ಬೈಂಡಿಂಗ್ ತಂತಿಯ ಸುತ್ತುಗಳಿದ್ದವು. ಪ್ರತಿಯೊಂದರಲ್ಲೂ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ. ಅವನ್ನು ಕೆಳಗಿನಿಂದ ನಾನು ದಿನಾ ನೋಡಿದ್ದೆ. ಅಂಗಡಿಗೆ, ಟ್ರ್ಯಾಕ್ಟರಿಗೆ, ಹೊಸ ಮನೆಗೆ ಎಲ್ಲಾ ಕಡೆ ಕಟ್ಟುವುದರಿಂದ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ. ವಾಕಿಟಾಕಿಯನ್ನು ಕಿವಿಗೆ ಹಿಡಿದು ಒಂದು ತಂತಿಯನ್ನು ಬೆರಳಿನಿಂದ ಅಲುಗಾಡಿಸಿದೆ. ಕರ್ ಎಂದಿತು. ಬಿಟ್ಟೆ, ಸುಮ್ಮನಾಯಿತು. ಮತ್ತೆ ಅಲುಗಾಡಿಸಿದೆ, ಮತ್ತೆ ಕರ್ ಎಂದಿತು. ತುಕ್ಕಿನ ತಂತಿ ಕಂಬಕ್ಕೆ ತಾಗಿ ಬಿಟ್ಟು ಮಾಡಿದಾಗೆಲ್ಲ ರಿಪೀಟರ್ ತನ್ನ ಮಾತಿನ ಸದ್ದನ್ನೇ ಕರಕರವಾಗಿ ತಿರುಗಿ ಕೇಳಿಸಿಕೊಳ್ಳುತ್ತಿತ್ತು.

ಇವನ್ನು ಯಾರು ಕಟ್ಟಿದ್ದೆಂದು ಮೇಲಿನಿಂದಲೇ ಕೇಳಿದೆ.

"ನಾನ ಕಟ್ಟೀನಿ" ಎಂದ ಅಣ್ಣ. "ಆಯುಧ ಪೂಜಿಗೆ ಒಂದು ಕಟ್ಟಿದೆ. ಇಷ್ಟು ಎತ್ತರ ಕಂಬ, ಊರ ಮಂದಿ ದಿಷ್ಟಿ ಬೀಳತೈತಿ ಅಂತ. ಆಮ್ಯಾಲ ಇದು ಕೆಟ್ತು. ದಿಷ್ಟಿ ಜೋರ್ ಐತಿ ಅಂದ್ಕೊಂಡು ಪ್ರತಿ ಅಮ್ಮಾಸಿಗೆ ಒಂದೊಂದು ಕಟ್ಟಾಕತ್ತೀನಿ."

ದಾರದಲ್ಲಿ ಕಟ್ಟಲಿಕ್ಕೆ ಏನಾಗಿತ್ತೆಂದು ಕೇಳಿದೆ.

"ದಾರ ಮಂಗ್ಯಾ ಹರಿತಾವ. ಗಟ್ಟಿ ಇರ್ಲಿ ಅಂತ ತಂತಿ" ಎಂದ.

ರೋಗಕ್ಕೆ ಕೊಟ್ಟ ಔಷಧವೇ ರೋಗವಾಗಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಕಂಬಕ್ಕೆ ದೃಷ್ಟಿಯಾಗುವಷ್ಟು ಬೆಲೆ ಇದೆಯೆಂದು ಊರಲ್ಲಿ ನಂಬಿದ್ದವನು ಅವನೊಬ್ಬನೇ. ಇಕ್ಕಳ ತೆಗೆದು ತಂತಿಗಳನ್ನು ಒಂದೊಂದಾಗಿ ಕತ್ತರಿಸಿದೆ. ಕೊನೆಯದು ಬಿದ್ದಾಗ ಗಾಳಿ ಜೋರಾಗಿಯೇ ಇತ್ತು, ವಾಕಿಟಾಕಿ ಮಾತ್ರ ತೆಪ್ಪಗಿತ್ತು. ಏಣಿಯ ಮೇಲಿಂದಲೇ ಸಿಂಧನೂರನ್ನು ಕರೆದೆ.

"ಫೈವ್ ನೈನ್, ಅಕ್ಕಾ! ಎದುರಿಗೆ ಕುಂತು ಮಾತಾಡಿದಂಗ ಐತಿ!" ಎಂದಳು ಆರ್ಜೂ. ಫೈವ್ ನೈನ್ ಎಂದರೆ ನಮ್ಮಲ್ಲಿ ನೂರಕ್ಕೆ ನೂರು. ಅವಳು ಮಾತು ಮುಗಿಸುವಷ್ಟರಲ್ಲಿ ಲಿಂಗಸುಗೂರಿನಿಂದ ಅಶ್ವಿನಿ ಬಂದು, "ಯವ್ವಾ, ನಿನ್ನ ಉಸಿರು ಸೈತ ಕೇಳಾಕತ್ತೈತಿ, ಎಲ್ಲಿ ಹತ್ತೀ ನೀ?" ಎಂದಳು. ನಾನು ಖುಷಿಗೆ ಕೂಗಿದ್ದು ಓಣಿಗೆಲ್ಲ ಕೇಳಿದೆ. ಶಾಂತಿಭಂಗವೆಂದು ಯಾರಾದರೂ ದೂರು ಕೊಟ್ಟಿದ್ದರೆ ಅದು ಮಾತ್ರ ನಿಜ.

ಆದ್ದರಿಂದ ಚಾಂದ್‌ಪಾಷಾ ಅವರ ಮಷೀನಿನಿಂದ ನಮ್ಮ ರಿಪೀಟರ್‌ಗೆ ಯಾವ ತೊಂದರೆಯೂ ಆಗಿಲ್ಲ. ಈ ಸಾಲನ್ನು ದಪ್ಪಗೆ ಬರೆಯಬೇಕೆಂದು ಕೋರುತ್ತೇನೆ. ಚೀಲದಲ್ಲಿರುವ ತಂತಿ, ನಿಂಬೆಹಣ್ಣುಗಳನ್ನು ಠಾಣೆಯಲ್ಲೇ ಇಟ್ಟುಕೊಳ್ಳಬಹುದು, ನಮಗೆ ವಾಪಸ್ ಬೇಡ. ಮುಂದಿನ ಅಮಾವಾಸ್ಯೆಗೆ ನೂಲಿನ ದಾರದಲ್ಲಿ ಕಟ್ಟಲು ಅಣ್ಣನಿಗೆ ಒಪ್ಪಿಗೆ ಕೊಟ್ಟಿದ್ದೇನೆ.

ಇದನ್ನು ಮುಖ್ಯ ಪೇದೆಯವರು ಎರಡು ಸಲ ಓದಿದರು, ಒಮ್ಮೆ ನನಗೆ, ಒಮ್ಮೆ ಕರೆ ಕಳಿಸಿದ ಮೇಲೆ ಬಂದ ಚಾಂದ್‌ಪಾಷಾ ಅವರಿಗೆ. ನಾನು ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸವಿಲ್ಲ, ಹೇಳಿದ್ದೆಲ್ಲ ಸತ್ಯ. ದಪ್ಪಗೆ ಬರೆದ ಸಾಲನ್ನು ಚಾಂದ್‌ಪಾಷಾ ಇನ್ನೊಮ್ಮೆ ಓದಿಸಿಕೊಂಡು, "ಹಾಂ, ಈಗ ಒಯ್ತೀನಿ" ಎಂದು ಎದ್ದರು. ಆದರೆ ಬಂಡಿಯನ್ನು ಅಂಗಡಿಯವರೆಗೆ ತಾನೇ ತಳ್ಳುವುದಾಗಿ ನನ್ನ ಅಣ್ಣ ಅದರ ಹಿಡಿಕೆ ಹಿಡಿದು, ಹೊರಗೆ ಬಿಸಿಲಲ್ಲಿ ಆಗಿನಿಂದ ನಿಂತಿದ್ದಾನೆ. ಅವನನ್ನು ಇನ್ನೂ ಕಾಯಿಸುವುದು ಬೇಡವೆಂದು ಬೇಗನೆ ಸಹಿ ಮಾಡುತ್ತಿದ್ದೇನೆ.

ಸ್ಥಳ: ಮಸ್ಕಿ
ದಿನಾಂಕ: 03.02.2025
ಸಹಿ: ಕಸ್ತೂರೆಮ್ಮ